ಒಂದು ಶಬ್ದದೊಳಗಿನ ಬಾವಿ

ಆಗ ನನಗೆ ಹತ್ತು ವರ್ಷ. ಅದಾಗಿ ಅರವತ್ತೆರಡು ವರ್ಷವಾಯಿತು. ಹೋದ ತಿಂಗಳು ಹಳೆಯ ಟ್ರಂಕು ತೆಗೆದಾಗ ಒಣಗಿದ ಬೇವಿನೆಲೆಯ ಕಹಿ ವಾಸನೆ ಬಂತು. ಅಂಥ ಟ್ರಂಕು ನಿಮ್ಮ ಮನೆಯಲ್ಲೂ ಇದ್ದೀತು. ನಮ್ಮದರ ತಳದಲ್ಲಿ ಕಾಕಾನ ಪುಸ್ತಕವಿದೆ, ಇಂಗ್ಲಿಷ್ ಶಬ್ದಗಳ ಅರ್ಥ ಹೇಳುವ ದಪ್ಪ ಪುಸ್ತಕ. ಹುಳ ಹತ್ತಬಾರದೆಂದು ಅವನು ಹಾಳೆಗಳ ನಡುವೆ ಬೇವಿನೆಲೆ ಇಡುತ್ತಿದ್ದ. ಅಪ್ಪನ ತಮ್ಮ ಅವನು. ಹುಬ್ಬಳ್ಳಿಯಲ್ಲಿ ಒಬ್ಬ ವಕೀಲರ ಹತ್ತಿರ ಕಾರಕೂನನಾಗಿದ್ದು ಊರಿಗೆ ಮರಳಿದ್ದ. ಸಂಜೆ ಕಟ್ಟೆಯ ಮೇಲೆ ಕೂತು, ಹಳೆಯ ಕಾಗದ ತಂದವರಿಗೆ ಒಂದೊಂದೇ ಶಬ್ದ ಬಿಡಿಸಿ ಹೇಳುತ್ತಿದ್ದ. ಮೆಸುವೇಜ್ ಅಂದರೆ ಮನೆ, ಅದರ ಅಂಗಳ, ಹಿತ್ತಲು ಎಲ್ಲ ಕೂಡಿ ಅನ್ನುತ್ತಿದ್ದ. ಬರೀ ಮನೆ ಅಂತ ಬರೆದಿದ್ದರೆ ಇವರ ಕೈ ನೋಯುತ್ತಿತ್ತೇನು ಎಂದು ಯಾರಾದರೂ ಕೇಳಿದರೆ ನಗುತ್ತಿದ್ದ. ಕೇಳಿದವರು ಹೌದ್ರಿ ಹೌದ್ರಿ ಎಂದು ತಲೆಯಾಡಿಸಿ, ಓಣಿ ತಿರುಗಿದ ಮೇಲೆ ಇವನು ಹೇಳಿದ್ದು ಖರೇನೋ ಸುಳ್ಳೋ ಎನ್ನುತ್ತಿದ್ದರು. ನಮ್ಮ ಮಂದಿ ಹಾಲು ಕೊಂಡರೂ ಬೆರಳದ್ದಿ ನೋಡುವವರು. ಇಂಗ್ಲಿಷ್ ಶಬ್ದದಲ್ಲಿ ಎಲ್ಲಿ ಬೆರಳದ್ದುವುದು?

ಅಜ್ಜ ಸತ್ತ ಮೇಲೆ ಅವನ ಮೃತ್ಯುಪತ್ರ ಹೊರಬಂತು. ಅದೂ ಇಂಗ್ಲಿಷಿನಲ್ಲೇ. ಮನೆ ಇಬ್ಬರು ಗಂಡುಮಕ್ಕಳಿಗೆ, ಹಿತ್ತಲ ಕಡೆಯ ಖೋಲಿ ಅತ್ತೆಗೆ. ಅತ್ತೆ ಅಪ್ಪನ ತಂಗಿ. ಗಂಡ ಸತ್ತು ತವರಿಗೆ ಬಂದು ಆ ಖೋಲಿಯಲ್ಲೇ ಇದ್ದಳು. ಇದಕ್ಕೆ ಯಾರದೂ ತಕರಾರಿರಲಿಲ್ಲ. ಆದರೆ ಖೋಲಿಯ ಜೊತೆಗೇ ಇನ್ನೊಂದು ಉದ್ದನೆಯ ಶಬ್ದವಿತ್ತು, ಅಪರ್ಟಿನೆನ್ಸಸ್. ಖೋಲಿಗೆ ಹೊಂದಿಕೊಂಡು ಬಂದದ್ದೆಲ್ಲ ಎಂದು ಕಾಕಾ ಅರ್ಥ ಹೇಳಿದ: ಹಿತ್ತಲ ಬಾವಿಯ ನೀರು, ಬಾವಿಗೆ ಹೋಗುವ ದಾರಿ, ಬಚ್ಚಲ ಗಟಾರ, ಎಲ್ಲದರ ಮೇಲೂ ಅತ್ತೆಗೆ ಹಕ್ಕು. ಊರಿನ ಬಾವಿಗಳೆಲ್ಲ ಸವಳು. ಸಿಹಿನೀರು ಇದ್ದದ್ದು ನಮ್ಮ ಹಿತ್ತಲಲ್ಲಿ ಮಾತ್ರ. ಖೋಲಿಗೂ ಬಾವಿಗೂ ನಡುವೆ ಗೋಡೆ ಎಬ್ಬಿಸಲು ಅಪ್ಪ ಆಗಲೇ ಕಲ್ಲು ತರಿಸಿದ್ದ. ಗೋಡೆ ಎದ್ದರೆ ಅತ್ತೆ ಕೊಡ ಹೊತ್ತು ಊರಾಚೆಯ ಕೆರೆಗೆ ಹೋಗಬೇಕಿತ್ತು.

“ಒಂದ ಶಬ್ದದಾಗ ಬಾವಿ ಹೆಂಗ ಹಿಡೀತೈತೋ?” ಅಂದ ಅಪ್ಪ. “ದಾರೀನೂ ಐತಂತ, ಗಟಾರಾನೂ ಐತಂತ. ನಮ್ಮ ಎತ್ತೂ ಅದರಾಗ ಅದಾವೇನ ನೋಡು.”

“ಅಣ್ಣಾ, ಆ ಶಬ್ದ ನಾ ಮಾಡಿದ್ದಲ್ಲ,” ಅಂದ ಕಾಕಾ.

ಅಪ್ಪನಿಗೆ ನಂಬಿಕೆ ಬರಲಿಲ್ಲ. ತಂಗಿಯ ಹೆಸರು ಹೇಳಿ ಕಾಕಾ ಬಾವಿಯನ್ನು ತಾನೇ ಹೊಡೆದುಕೊಳ್ಳುತ್ತಾನೆ ಎಂದು ಅವನ ಲೆಕ್ಕ. ಗುಡಗೇರಿಯ ಸ್ಟೇಷನ್ ಮಾಸ್ತರರು ಮುಸಲ್ಮಾನರು, ಇಂಗ್ಲಿಷ್ ಬಲ್ಲವರು, ಹೊಸದಾಗಿ ಬಂದವರು, ಕಾಕಾನ ಮುಖ ಕಂಡವರಲ್ಲ. ಅವರನ್ನೇ ಕೇಳುವುದೆಂದಾಯಿತು. ಆದರೆ ಕಾಗದ ಒಯ್ದರೆ ಯಾರಾದರೂ ಕಸಿದಾರು. ಶಾಲೆಗೆ ಹೋಗುವವರ ಕೈಲಿ ಬರೆಸಿದರೆ ಅವರು ಅರ್ಥ ತಿಳಿದು ಬದಲಿಸಿಯಾರು. ನನಗೆ ಅಕ್ಷರ ಬರುತ್ತಿರಲಿಲ್ಲ. ಒಮ್ಮೆ ಕಂಡ ರಂಗೋಲಿ ಮಾತ್ರ ಮರೆಯುತ್ತಿರಲಿಲ್ಲ. ಅಪ್ಪ ಕಾಗದದ ಉಳಿದ ಭಾಗ ಕೈಯಿಂದ ಮುಚ್ಚಿ ಆ ಶಬ್ದವೊಂದನ್ನೇ ತೋರಿಸಿದ. ಒಟ್ಟು ಹದಿಮೂರು ಗುರುತು, ಮೊದಲನೆಯದರ ಪಕ್ಕದಲ್ಲೇ ಕಾಲು ಇಳಿಬಿಟ್ಟು ಕೂತ ಅವಳಿ. ಸಂತೆಯ ದಿನ ಚಕ್ಕಡಿಯಲ್ಲಿ ಹೋಗಿ, ಮಾಸ್ತರರ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಅದನ್ನು ಎಳೆದೆ. ಅವರು ಚಾಳೀಸು ಹಾಕಿಕೊಂಡು ಬಗ್ಗಿ ನೋಡಿದರು, ಒಳಗಿನಿಂದ ತಮ್ಮ ಪುಸ್ತಕ ತಂದು ತಿರುವಿದರು. ಕಾಕಾ ಹೇಳಿದ್ದನ್ನೇ ಹೇಳಿದರು, ಗಟಾರ ಸಹ ಬಿಡದೆ.

ಅರ್ಧ ದಾರಿಗೆ ಬಂದಾಗ ಅಪ್ಪ ಎತ್ತಿನ ಬಾಲ ಮುರಿದು, “ಇಬ್ರೂ ಒಂದ ಮಾತ ಹೇಳ್ತಾರಂದ್ರ ಮೊದ್ಲ ಕೂಡಿ ಮಾತಾಡ್ಯಾರ,” ಅಂದ.

ಮನೆಗೆ ಬಂದವನೇ, ಮಾಸ್ತರನಿಗೆ ಏನು ಕೊಟ್ಟು ಬಂದಿ ಎಂದು ಕಾಕಾನನ್ನು ಕೇಳಿದ. ಕಾಕಾ ಅಪ್ಪನತ್ತ ನೋಡಲಿಲ್ಲ. ನನ್ನನ್ನು ಕರೆದು, ಅಲ್ಲಿ ಬರೆದದ್ದನ್ನು ಇಲ್ಲಿ ಬರೆ ಅಂದ. ಅಂಗಳದ ಧೂಳಿನಲ್ಲಿ ಬೆರಳಿನಿಂದ ಬರೆದೆ. ಹದಿಮೂರನ್ನೂ ಒಂದೊಂದಾಗಿ ನೋಡಿ, “ತಪ್ಪಿಲ್ಲ ನೀಲವ್ವ,” ಅಂದ. ಪುಸ್ತಕ ಬಗಲಲ್ಲಿಟ್ಟುಕೊಂಡು ಅವತ್ತೇ ಅಳ್ನಾವರದ ಕಡೆ ಹೋದ. ಕಟ್ಟಿಗೆ ಅಡ್ಡೆಯಲ್ಲಿ ಕಾರಕೂನನಾಗಿ ಅಲ್ಲೇ ಸತ್ತ. ಪುಸ್ತಕ ಮಾತ್ರ ತಿರುಗಿ ಬಂತು. ಕಟ್ಟೆ ಈಗಿಲ್ಲ, ಅಪ್ಪನಿಲ್ಲ, ಬಾವಿ ಮುಚ್ಚಿದೆ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಹುಡುಕಿ ಅದೇ ಅರ್ಥ ಹೇಳಿದಳು. ಮೂರು ಕಡೆ ಒಂದೇ ಮಾತು ಬಂದರೆ ನನಗೂ ಸಂಶಯ. ಅಪ್ಪನ ಮಗಳು ನಾನು.

ಆದರೆ ಅತ್ತೆ ಸಾಯುವವರೆಗೆ ಆ ಬಾವಿಯ ನೀರನ್ನೇ ಕುಡಿದಳು. ಕಲ್ಲು ಅಲ್ಲೇ ಬಿದ್ದಿದ್ದವು, ಗೋಡೆ ಏಳಲಿಲ್ಲ. ಯಾಕೆಂದು ಊರವರು ಒಂದೊಂದು ಹೇಳುತ್ತಾರೆ. ನಾನು ಕಂಡದ್ದು ಇಷ್ಟು. ಕಾಕಾ ಹೋದ ಮರುದಿನ ಮುಂಜಾನೆ ಎದ್ದು, ಅತ್ತೆಯ ಹೊಸ್ತಿಲಿಂದ ಬಾವಿಯ ಕಟ್ಟೆಯವರೆಗೆ ದಾರಿ ಸಾರಿಸಿ, ಉದ್ದಕ್ಕೂ ಆ ಹದಿಮೂರನ್ನು ರಂಗೋಲಿಯಲ್ಲಿ ಎಳೆದೆ. ಗೋಡೆಯ ಗುರುತು ಹಾಕಲು ಅಪ್ಪ ಹಗ್ಗ ಹಿಡಿದು ಬಂದ. ಅವನಿಗೆ ಅದರ ಗುರುತು ಹತ್ತಿತು. ಮುಂಜಾನೆಯ ರಂಗೋಲಿಯ ಮೇಲೆ ಕಾಲಿಡುವ ರೂಢಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹಗ್ಗ ಸುತ್ತಿಕೊಂಡು ತಿರುಗಿ ಹೋದ. ನಾನು ಅತ್ತೆಯ ಕೊಡ ತೆಗೆದುಕೊಂಡು, ದಾರಿಯ ಅಂಚು ಹಿಡಿದು ನಡೆದು, ನೀರು ಸೇದಿದೆ.