ಗಾಜಿನ ಮೀನಿಗೆ ಒಂದು ಚಿಟಿಕೆ ಉಪ್ಪು

ಅತ್ತೆ, ಆ ಮೀನುಗಳನ್ನು ಕೊಂದದ್ದು ನಿಮ್ಮ ಉಪ್ಪಲ್ಲ — ನಾನು.

ಬೆಟಗೇರಿಯ ನಮ್ಮ ಓಣಿಗೆ ಹನ್ನೆರಡು ದಿನದ ಮೇಲೆ ನಳ ಬಂದ ಬೆಳಗು ಅದು. ಕೊಡ, ಬಕೆಟ್, ಡ್ರಮ್ಮು — ಅದೇ ಗಡಿಬಿಡಿ. ಮೀನಿನ ತೊಟ್ಟಿಗೆಂದು ಹಿಂದಿನ ದಿನವೇ ತೆಗೆದಿಟ್ಟ ಒಂದು ಬಕೆಟ್ ಹಳೆಯ ನೀರಿತ್ತಲ್ಲ, ಅದರಲ್ಲಿ ನಾನು ತಲೆ ತೊಳೆದುಕೊಂಡಿದ್ದೆ. ತೊಟ್ಟಿಗೆ ನಳದ ನೀರನ್ನೇ ಹಾಗೇ ಸುರಿದೆ. ಮೂಗಿಗೆ ಔಷಧದ ವಾಸನೆ ಬಡಿಯಿತು. ಆದರೂ ಸುರಿದೆ.

ಆಮೇಲೆ ನೀವು ಬಂದು, ನೀರು ಬದಲಿಸಿದಾಗಲೆಲ್ಲ ಮಾಡುವಂತೆ ಒಂದು ಚಿಟಿಕೆ ಉಪ್ಪು ಹಾಕಿ, ಸೆರಗಿಗೆ ಬೆರಳು ಒರೆಸಿಕೊಂಡಿರಿ. ಕಾರವಾರದಿಂದ ಅವನ್ನು ತಂದುಕೊಟ್ಟ ನಿಮ್ಮ ಮಗಳು ಹೇಳಿಹೋಗಿದ್ದಳು — "ಹೊಳಿ, ಸಮುದ್ರ ಕೂಡೋ ಕಡೆ ಇರೋವು ಅವ್ವಾ, ಚೂರು ಉಪ್ಪು ಬೇಕು."

"ಮೊಟ್ಟಿ ಸೈತ ತರದ ಮನ್ಯಾಗ ಮೀನ!" ಎಂದು ಎದುರುಮನೆಯ ಗಂಗಕ್ಕ ನಕ್ಕಿದ್ದರು. ಆದರೆ ಮಾವ ತೀರಿಕೊಂಡ ಮೇಲೆ ನೀವು ಮತ್ತೆ ಮಾತಾಡತೊಡಗಿದ್ದು ಆ ತೊಟ್ಟಿಯ ಮುಂದೆಯೇ. ಬೆರಳುದ್ದವೂ ಇಲ್ಲದ, ಒಂದನ್ನೊಂದು ಬಿಟ್ಟಿರದ, ಗಾಜಿನಂಥ ಮೈಯೊಳಗಿನ ಮುಳ್ಳೂ ಕಾಣುವ ಜೀವಗಳು. "ಇವಕ್ಕ ಏನೂ ಮುಚ್ಚಿಡಾಕ ಬರಂಗಿಲ್ಲವ್ವಾ" ಅಂದಿದ್ದಿರಿ.

ಮಧ್ಯಾಹ್ನಕ್ಕೆ ಎಲ್ಲವೂ ಬೆಂದ ಅಕ್ಕಿಯಂತೆ ಬೆಳ್ಳಗಾಗಿ ತೇಲುತ್ತಿದ್ದವು.

"ಉಪ್ಪು ಎಷ್ಟ ಹಾಕಿದಿ ಅವ್ವಾ?" ಎಂದರು ಇವರು.

ನೀವು ನಿಮ್ಮ ಬೆರಳುಗಳನ್ನೇ ನೋಡಿಕೊಂಡಿರಿ. ಆಮೇಲೆ ನನ್ನ ಕಡೆ ತಿರುಗಿ — "ನೀ ನೋಡಿದ್ದೇನವ್ವಾ?"

ತಪ್ಪು ಮಾಡಿದವರು ಕೈ ಎತ್ತಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ನನ್ನ ಕೈ ಇನ್ನೂ ಒದ್ದೆಯಿದ್ದ ಕೂದಲಲ್ಲಿತ್ತು. ಅಲ್ಲೇ ಉಳಿಯಿತು.

"ಸ್ವಲ್ಪ ಜಾಸ್ತಿ ಬಿದ್ದಿರಬೇಕ್ರಿ" ಅಂದೆ.

ಏಳು ವರ್ಷವಾಯಿತು. ಸಾರಿಗೂ ನೀವು ಉಪ್ಪು ಹಾಕುವುದಿಲ್ಲ. "ನೀನ ಹಾಕವ್ವಾ, ನನ್ನ ಕೈ ನಂಬಾಕ ಬರಂಗಿಲ್ಲ" ಎಂದು ಡಬ್ಬಿಯನ್ನು ನನ್ನ ಕಡೆ ಸರಿಸುತ್ತೀರಿ. ಇವತ್ತು ಹೇಳಿಬಿಡಬೇಕು ಎಂದು ಬಾಯಿ ತೆರೆಯುತ್ತೇನೆ — ರುಚಿ ನೋಡಿದಂತೆ ಮಾಡಿ ಮುಚ್ಚುತ್ತೇನೆ.

ಗೊತ್ತಿರಲಿಲ್ಲ ಎನ್ನುವ ದಾರಿಯೂ ನನಗಿಲ್ಲ. ಅಂದು ಸಂಜೆ ನೀವು ಹಿತ್ತಲಲ್ಲಿ ಬರಿದಾದ ತೊಟ್ಟಿಯನ್ನು ತಿಕ್ಕುತ್ತಿದ್ದಿರಿ. ಆ ಸದ್ದು ನಾನು ನಿಂತಿದ್ದ ಮುಂಬಾಗಿಲವರೆಗೂ ಕೇಳುತ್ತಿತ್ತು. ಗಂಗಕ್ಕ ತಮ್ಮ ಕಟ್ಟೆಯ ಮೇಲೆ ಮೆಂತ್ಯ ಸೋಸುತ್ತ, ತಲೆ ಎತ್ತದೆಯೇ ಅಂದರು — "ಇವತ್ತ ನಳದ ನೀರು ಏನ್ ಬ್ಲೀಚಿಂಗ್ ನಾರತೈತ್ರೀ, ಚಾ ಸೈತ ಕುಡಿಯಾಕ ಆಗವಲ್ದು. ನಿಮ್ಮ ಮೀನಿಗಿ ಹಾಕಬ್ಯಾಡ್ರಿ ಮತ್ತ, ಸತ್ತಗಿತ್ತಾವು."