ಹಿಂದಿನ ಕೋಣೆಯ ಫರಸಿ

ಪುಣೆಯ ಹಳೇ ಪೇಠೆಯಲ್ಲಿರುವ ನಮ್ಮ ಹೆಣ್ಣುಮಕ್ಕಳ ಸಂಘದ ವಾಡೆಯ ದುರಸ್ತಿಯನ್ನು ಎಲ್ಲರೂ ಸೇರಿ ನನ್ನ ಕೊರಳಿಗೆ ಕಟ್ಟಿದರು. ಹುಳ ಹಿಡಿದ ತೊಲೆ, ಸೋರುವ ಮಾಡು, ಎಲ್ಲದಕ್ಕೂ ನಾನೇ ಮುಂದೆ ನಿಂತೆ. ಗಾರೆ ಕೆಲಸದ ಗವಂಡಿಯ ಜೊತೆ ಮರಾಠಿಯಲ್ಲಿ ಜಗಳಾಡಿ ಗಂಟಲು ಕಟ್ಟಿತ್ತು. ಹಿಂದಿನ ಕೋಣೆಯ ಮೂಲೆಯಲ್ಲಿ ನೆಲಕ್ಕೆ ಹಾಸಿದ ಫರಸಿ ಕಲ್ಲು ಸವೆದು ತಗ್ಗು ಬಿದ್ದಿತ್ತು. ಹಳೆಯದು, ಇರಲಿ ಬಿಡಿ ಎಂದ ಆತ. ನಾನು ಕೇಳಬೇಕಲ್ಲ! ಯಾರಾದರೂ ಮುಗ್ಗರಿಸುತ್ತಾರೆ ಎಂದು ಹಟ ಹಿಡಿದು ಕೀಳಿಸಿ ಹೊಸದು ಹಾಕಿಸಿದೆ.

ಕೆಲಸ ಮುಗಿದ ಮೇಲೆ ಪುಣೆಯದೇ ಕೊಂಢವಾ ಬಡಾವಣೆಯಿಂದ ನನ್ನ ಸೋದರತ್ತೆಯ ಫೋನು ಬಂತು. ಆಕೆಗೆ ಎಂಬತ್ತು ದಾಟಿದೆ.

"ಒಮ್ಮೆ ವಾಡೇಕ್ಕ ಕರ್ಕೊಂಡು ಹೋಗವಾ. ಅಲ್ಲೆ ನಮ್ಮವ್ವನ ಗುರುತು ಒಂದದ. ಸಾಯೂದ್ರಾಗ ನೋಡಬೇಕು."

ನನಗೆ ನಗು ಬಂತು. ಆಕೆಯ ಅವ್ವ ಅಂದರೆ ನನ್ನ ಅಜ್ಜಿ, ಅಕ್ಷರ ಬಾರದವಳು. ಸಂಘದ ಮೊದಲ ಪುಸ್ತಕದಲ್ಲಿ ಸಹಿ ಮಾಡಿದವರ ಹೆಸರೆಲ್ಲ ನನಗೆ ಬಾಯಿಪಾಠ, ಅದರಲ್ಲಿ ಅಜ್ಜಿಯದಿಲ್ಲ. ಚಿಕ್ಕವಳಿದ್ದಾಗ 'ಹೆಬ್ಬೆಟ್ಟಜ್ಜಿ' ಎಂದು ಆಕೆಯನ್ನು ಕಾಡಿಸಿದವಳೇ ನಾನು.

ಆದರೂ ವಾಡೆಗೆ ಕರೆತಂದೆ. ಅತ್ತೆ ನೆಟ್ಟಗೆ ಹಿಂದಿನ ಕೋಣೆಗೆ ಹೋಗಿ ಮೂಲೆ ನೋಡಿದಳು.

"ಇಲ್ಲೆ ತಗ್ಗಿತ್ತಲ್ಲ?"

"ತಗಿಸಿದೆ ಅತ್ತಿ. ಯಾಕ?"

ಆಗ ಹೇಳಿದಳು. ಆ ಕಾಲಕ್ಕೆ ಮುಂದಿನ ಪಡಸಾಲೆಯಲ್ಲಿ ಗಂಡಸರು ಕೂತಿರುತ್ತಿದ್ದರು. ಸೊಸೆಯಂದಿರು ಅಕ್ಷರ ಕಲಿಯುವುದು ಅವರಿಗೆ ಗೊತ್ತಾಗಬಾರದು. ಹಿಟ್ಟು ಬೀಸಲಿಕ್ಕೆಂದು ನೆಪ ಹೇಳಿ ಓಣಿಯ ಹೆಂಗಸರೆಲ್ಲ ಈ ಕೋಣೆ ಸೇರುತ್ತಿದ್ದರು. ಓದುವ ದನಿ ಹೊರಗೆ ಕೇಳದ ಹಾಗೆ ಒಬ್ಬಳು ಬೀಸುತ್ತಲೇ ಇರಬೇಕು. ಪಾಳಿ ಹಚ್ಚಿ ನೋಡಿದರು, ಉಳಿದವರ ಅಂಗೈಗೆ ಬೊಬ್ಬೆ ಎದ್ದವು. "ನಾ ಬೀಸ್ತೀನಿ, ನೀವು ಓದ್ರಿ," ಅಂದಳಂತೆ ಅಜ್ಜಿ. ವರ್ಷಗಟ್ಟಲೆ ಬೀಸಿದಳು. ಕಾಳು ಮುಗಿದರೆ ಖಾಲಿ ಬೀಸುಕಲ್ಲನ್ನೇ ತಿರುವುತ್ತಿದ್ದಳು. ಕಲ್ಲು ಅಲುಗಾಡಿ ಅಲುಗಾಡಿ ಆ ಫರಸಿ ಸವೆದಿತ್ತು.

ಒಡೆದ ಚೂರುಗಳು ಎಂದೋ ಕಸದ ಗಾಡಿಯಲ್ಲಿ ಹೋಗಿದ್ದವು. ತಪ್ಪಾಯಿತು ಎಂದೆ.

ಹೊರಡುವಾಗ ಬಾಗಿಲ ಬಳಿ ನಾವು ಹೊಸದಾಗಿ ಹಾಕಿಸಿದ, ಮೊದಲ ಪುಸ್ತಕದಲ್ಲಿ ಸಹಿ ಮಾಡಿದವರ ಹೆಸರಿನ ಹಲಗೆ ಕಂಡು ನಿಂತಳು. ಸೆರಗಿನಿಂದ ಚಾಳೀಸು ಒರೆಸಿಕೊಂಡು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದಳು. ಬಹಳ ಹೊತ್ತು ಹಿಡಿಯಿತು.

"ಎಲ್ಲಾರೂ ಕಲತ್ರು ನೋಡವಾ," ಅಂದಳು. "ಅವ್ವ ಒಬ್ಬಾಕಿನ್ನೂ ಹಿಂದ ಬಿಡಲಿಲ್ಲ."

ಆಕೆಯ ಮುಖದಲ್ಲಿ ಹೆಮ್ಮೆಯಿತ್ತು. ನಾನು ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟೆ.