ಬೀಗ ಹಾಕಿದ ಬೆಂಚು

ನಮ್ಮೂರ ರೈಲು ನಿಲ್ದಾಣದ ಚರಿತ್ರೆಯನ್ನು ಬರೆಯಹೊರಟವರು ಎರಡು ಕಾಲಗಳನ್ನು ಬೇರೆಬೇರೆಯಾಗಿ ಹೇಳಬೇಕಾಗುತ್ತದೆ: ಉಗಿಬಂಡಿಯ ಬಾಯಾರಿಕೆಗೆಂದು ನಿಲ್ದಾಣವಿದ್ದ ಕಾಲ, ಮನುಷ್ಯರಿಗೆಂದು ಇದ್ದ ಕಾಲ. ಮೊದಲನೆಯದಕ್ಕೆ ಕಲ್ಲಿನ ನೀರುತೊಟ್ಟಿ ಸಾಕ್ಷಿ. ಎರಡನೆಯದು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮಾನ್ಯ ಸ್ಟೇಷನ್ ಮಾಸ್ಟರರಿಂದ ಶುರುವಾಯಿತು.

ಶಾಲೆಗೆ ಬೇಗನೆ ಶರಣು ಹೊಡೆದು ಉಳಿ ಹಿಡಿದವನು ನಾನು. ಅವರಿಗೆ ಊರು ಅರ್ಪಿಸುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಬಡಗಿಗೇನು ಕೆಲಸವೆಂದು ಸಮಿತಿಯಲ್ಲಿ ಯಾರೋ ಕೇಳಿದರಂತೆ. ಕೆಲಸವಿದೆ.

ಅವರು ವರ್ಗವಾಗಿ ಬರುವ ಹೊತ್ತಿಗೆ ಉಗಿಬಂಡಿ ಹೋಗಿ ಎಷ್ಟೋ ಕಾಲವಾಗಿತ್ತು. ಗಾಡಿ ಅಭ್ಯಾಸಬಲದಿಂದ ನಿಲ್ಲುತ್ತಿತ್ತು. ಮೇಲ್ದರ್ಜೆ ಪ್ರಯಾಣಿಕರ ಕೋಣೆಗೆ ಸದಾ ಬೀಗ. ಅಂಥ ಪ್ರಯಾಣಿಕರನ್ನು ಊರು ಕಂಡೇ ಇರಲಿಲ್ಲ. ಬೀಗದ ಕೈ ದೂರದ ದೊಡ್ಡ ಆಫೀಸಿನಲ್ಲಿತ್ತು.

ಆ ಬೇಸಿಗೆಯಲ್ಲಿ ಪಟ್ಟಣದ ಆಸ್ಪತ್ರೆಗೆ ಹೊರಟಿದ್ದ ನಮ್ಮಮ್ಮ ಜ್ವರದಿಂದ ಪ್ಲಾಟ್‌ಫಾರಮ್ಮಿನ ಸುಡುಗಲ್ಲಿನ ಮೇಲೆ ಮಲಗಿಬಿಟ್ಟಳು. ಬೀಗದ ಹಿಂದೆ ತಣ್ಣನೆಯ ನೆರಳು ಖಾಲಿ ಬಿದ್ದಿತ್ತು. ನನ್ನ ಪಿತ್ತ ನೆತ್ತಿಗೇರಿತು. ಸುತ್ತಿಗೆ ಎತ್ತಿದೆ. ಮಾಸ್ಟರರು ಓಡಿ ಬಂದರು.

"ಬೀಗ ಒಡೀಬೇಡ್ವೋ, ಕೇಸಾಗುತ್ತೆ!"

"ಮತ್ತೇನ್ ಸಾರ್, ಕೈಮುಗಿದು ನಿಲ್ಲಲಾ?"

"ಬಡಗಿ ಅಂತೀಯ, ಕೀಲು ಬಿಚ್ಚೋಕೆ ಬರಲ್ವಾ? ಯಾರಾದ್ರೂ ಕೇಳಿದ್ರೆ ನಾನೇ ಹೇಳಿದ್ದು ಅನ್ನು."

ಜೋಡಿ ಬಾಗಿಲು ಬೀಗದ ಸಮೇತ ಕಳಚಿ ಬಂತು. ಗಾಡಿ ಬರುವವರೆಗೂ ಅವರು ಅಮ್ಮನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತರು. ಅಮ್ಮ ಉಳಿದಳು. ಆ ಬಾಗಿಲಿಗೇ ಅಡ್ಡಪಟ್ಟಿ, ಕಾಲು ಹೊಡೆದು ಕೋಣೆಯೊಳಗೆ ಬೆಂಚು ಮಾಡಿಟ್ಟೆ.

ತಪಾಸಣೆಗೆ ಬಂದ ಸಾಹೇಬರು ಸಿಡುಕಿದರು: "ಬೀಗ ಎಲ್ರೀ?"

"ಅಲ್ಲೇ ಇದೆ ಸಾರ್, ಭದ್ರವಾಗಿದೆ. ಯಾರೂ ಮುಟ್ಟಿಲ್ಲ," ಎಂದರು ನಮ್ಮ ಮಾಸ್ಟರರು, ಅತ್ಯಂತ ವಿನಯದಿಂದ.

ಸಾಹೇಬರು ಬೆಂಚಿನ ನಟ್ಟನಡುವೆ ಇದ್ದ ಬೀಗವನ್ನೂ ನೋಡಿದರು, ಅದರ ಎರಡೂ ಪಕ್ಕ ಕೂತಿದ್ದವರನ್ನೂ ನೋಡಿದರು. ಮಾಸ್ಟರರಿಗೆ ಸಲ್ಲಬೇಕಿದ್ದ ಬಡ್ತಿ ಆ ವರ್ಷ ಬರಲಿಲ್ಲ, ಆಮೇಲೂ ಬರಲಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ, ನಾವು ಅಕ್ಕ ಎನ್ನುವ ಅವರ ಮನೆಯವರು ಒಮ್ಮೆ ನಕ್ಕು ಹೇಳಿದರು: "ನಿನ್ನ ಬೆಂಚು ಬಲು ದುಬಾರಿ ಕಣೋ."

ಈಗ ಆಜ್ಞೆ ಬಂದಿದೆ. ಅವರ ನಂತರ ಇಲ್ಲಿಗೆ ಮಾಸ್ಟರರಿಲ್ಲ. ಬೆಂಚು ಬಿಚ್ಚಿ ಹಳೆಯ ಬಾಗಿಲನ್ನು ಮತ್ತೆ ನಿಲ್ಲಿಸಿ ಕೋಣೆ ಮುಚ್ಚಬೇಕು. ಆ ಕೆಲಸಕ್ಕೆ ನನ್ನನ್ನೇ ಕರೆದರು, ಕೂಲಿಯ ಆಸೆ ಬೇರೆ ತೋರಿಸಿದರು! ಹಾರ ಹಿಡಿದು ಸಾಲುಗಟ್ಟಿರುವ ದೊಡ್ಡವರಲ್ಲಿ ಒಬ್ಬರೂ ಇದರ ಬಗ್ಗೆ ಉಸಿರೆತ್ತಿಲ್ಲವಾದ್ದರಿಂದ ನಾನು ಬರೆಯಬೇಕಾಯಿತು.

ಸಾರ್, ನೂರು ವರ್ಷ ಗಟ್ಟಿಯಾಗಿ ಬಾಳಿ. ನಿಮಗೆ ನಿವೃತ್ತಿಯೆಂಬುದು ಕಾಗದದಲ್ಲಿ ಮಾತ್ರ. ನಾಳೆಯಿಂದ ನಿಮಗೊಂದು ಹೊಸ ಕೆಲಸವಿದೆ. ದಿನಾ ಬಂದು ಆ ಬೆಂಚಿನ ಮೇಲೆ ಕೂರಬೇಕು. ಬೀಗದ ಆ ಪಕ್ಕ ಅಮ್ಮ ಆಗಲೇ ಕೂತಿದ್ದಾಳೆ. ಈ ಪಕ್ಕ ನಿಮ್ಮದು. ಬಾಗಿಲು ಬೇಕಾದವರು ಬಂದು ನಿಮ್ಮಿಬ್ಬರನ್ನೂ ಎಬ್ಬಿಸಲಿ, ನೋಡೋಣ.